ಹಿಮರಾತ್ರಿಯಲ್ಲಿ ಮಡಿದ ಗಾಯಕರು

ಅಮೆರಿಕೆಯ ‘ರಾಕ್ ಅಂಡ್ ರೋಲ್’ ಎಂಬ ಗಾನಪದ್ಧತಿಯು ನಮ್ಮ ವಾಚಕರಲ್ಲಿ ಅನೇಕರಿಗೆ ಬರಿಯ ಗದ್ದಲವೆಂದು ತೋರುವುದುಂಟು. ನಮಗೂ ಬಹುಕಾಲ ಹಾಗೆಯೇ ತೋರಿದ್ದಿತು. ಆದರೆ ಅದನ್ನು ಮೊದಮೊದಲು ಹಾಡಿದವರಲ್ಲಿ ಮೂವರು ತರುಣರು ಒಂದೇ ರಾತ್ರಿ ಅಕಾಲಮೃತ್ಯುವಿಗೆ ತುತ್ತಾದ ವೃತ್ತಾಂತವನ್ನು ತಿಳಿದಂದಿನಿಂದ, ಹಾಗೆ ತಳ್ಳಿಹಾಕಲು ಮನಸ್ಸು ಒಪ್ಪದು.

1959ನೆಯ ಇಸವಿಯ ಚಳಿಗಾಲ. ಟೆಕ್ಸಾಸ್ ಪ್ರಾಂತದ ಬಡಿ ಹಾಲಿ ಎಂಬವನಿಗೆ ಆಗ 22 ವರ್ಷ; ವಿವಾಹವಾಗಿ ಆರು ತಿಂಗಳೂ ತುಂಬಿರಲಿಲ್ಲ, ಪತ್ನಿಯು ಗರ್ಭಿಣಿ. ಕ್ಯಾಲಿಫೋರ್ನಿಯದ ರಿಚಿ ವ್ಯಾಲೆನ್ಸ್ 17 ವರ್ಷದ ಹುಡುಗ. ‘ಲಾ ಬಾಂಬಾ’ ಎಂಬ ಮೆಕ್ಸಿಕೋ ದೇಶದ ಜನಪದಗೀತೆಗೆ ಹೊಸ ಲಯವನ್ನು ತೊಡಿಸಿದವನು. ಮೂರನೆಯವನು ‘ಬಿಗ್ ಬಾಪರ್’ ಎನಿಸಿಕೊಂಡ ಜೆ. ಪಿ. ರಿಚರ್ಡ್‌ಸನ್, 28 ವರ್ಷದವನು. ಇವರು ಊರಿಂದೂರಿಗೆ ಬಸ್ಸಿನಲ್ಲಿ ಸಂಚರಿಸುತ್ತ ಹಾಡುತ್ತಿದ್ದರು. ಬಸ್ಸನ್ನು ಬೆಚ್ಚಗಿಡುವ ಯಂತ್ರವು ಕೆಟ್ಟು, ಡ್ರಮ್ಮು ಬಾರಿಸುವವನ ಕಾಲುಗಳು ಚಳಿಗೆ ಮರಗಟ್ಟಿ ಅವನು ಆಸ್ಪತ್ರೆ ಸೇರಬೇಕಾಯಿತು. ಆದುದರಿಂದ ಫೆಬ್ರವರಿ 2ರ ರಾತ್ರಿ ಅಯೋವಾ ಪ್ರಾಂತದ ಕ್ಲಿಯರ್ ಲೇಕ್‌ನಲ್ಲಿ ಹಾಡಿದ ಮೇಲೆ, ಮುಂದಿನ ಊರಿಗೆ ಹೋಗಲು ಹಾಲಿಯು ಒಂದು ಸಣ್ಣ ವಿಮಾನವನ್ನು ಬಾಡಿಗೆಗೆ ಗೊತ್ತುಮಾಡಿದನು.

ವೈಮಾನಿಕನನ್ನು ಬಿಟ್ಟರೆ ಅದರಲ್ಲಿ ಮೂವರಿಗೆ ಮಾತ್ರ ಎಡೆ. ಹಾಲಿಯ ಜೊತೆಯ ವಾದ್ಯಗಾರ ವೇಲನ್ ಜೆನ್ನಿಂಗ್ಸನು, ಜ್ವರದಿಂದ ನರಳುತ್ತಿದ್ದ ರಿಚರ್ಡ್‌ಸನ್ನನಿಗೆ ಕನಿಕರದಿಂದ ತನ್ನ ಸ್ಥಳವನ್ನು ಬಿಟ್ಟುಕೊಟ್ಟನು. ಇನ್ನೊಂದು ಸ್ಥಳವನ್ನು ವ್ಯಾಲೆನ್ಸನು ನಾಣ್ಯ ಚಿಮ್ಮಿ ಗೆದ್ದನು. ಈ ಹುಡುಗನಿಗೆ ವಿಮಾನವೆಂದರೆ ಭಯ. 1957ರಲ್ಲಿ ಎರಡು ವಿಮಾನಗಳು ಆಕಾಶದಲ್ಲಿ ತಾಕಲಾಡಿ, ಒಡೆದ ಚೂರುಗಳು ಅವನ ಶಾಲೆಯ ಆಟದ ಬಯಲಿನ ಮೇಲೆ ಬಿದ್ದು ಮಕ್ಕಳು ಸತ್ತಿದ್ದರು. ಅಂದು ಅವನು ಅಜ್ಜನ ಅಂತ್ಯಕ್ರಿಯೆಗೆ ಹೋಗಿದ್ದನು.

ನಿನ್ನ ಬಸ್ಸು ಹೆಪ್ಪುಗಟ್ಟಲೆಂದು ಹಾಲಿಯು ಹಾಸ್ಯಮಾಡಲು, ನಿನ್ನ ವಿಮಾನ ಬೀಳಲೆಂದು ಜೆನ್ನಿಂಗ್ಸನು ಮರುನುಡಿದನು. ಆಪ್ತರೊಳಗಿನ ಬರಿಯ ಪರಿಹಾಸ. ಆದರೂ ಆ ಮಾತು ಅವನನ್ನು ಬಹುಕಾಲ ಸುಟ್ಟಿತು. ಹೊರಡುವಾಗ ‘ಹೋಗುತ್ತೇನೆ’ ಎನ್ನಬಾರದು, ‘ಹೋಗಿಬರುತ್ತೇನೆ’ ಎನ್ನಬೇಕೆಂದು ನಮ್ಮನ್ನು ತಿದ್ದುತ್ತಿದ್ದ ಅಜ್ಜಿಯರು ಇದನ್ನೋದುವಾಗ ನೆನಪಾದರು.

ಸುಮಾರು ಒಂದು ಗಂಟೆಯ ಹೊತ್ತಿಗೆ ಹಿಮಗತ್ತಲೆಯಲ್ಲಿ ಮೇಲೆದ್ದ ವಿಮಾನವು ಕೆಲವೇ ಮೈಲಿ ದೂರದ ಹೊಲದಲ್ಲಿ ಬಿದ್ದಿತು, ನಾಲ್ವರೂ ಮಡಿದರು. ವೈಮಾನಿಕನೂ 21 ವರ್ಷದ ತರುಣನೇ. ಅವನನ್ನು ನೆನೆಯುವವರು ವಿರಳ. ಹೊರಗೇನೂ ಕಾಣದಾಗ ಉಪಕರಣಗಳನ್ನೇ ನಂಬಿ ವಿಮಾನ ನಡೆಸುವ ಅರ್ಹತೆಯು ಅವನಿಗಿರಲಿಲ್ಲವೆಂದೂ, ವಿಮಾನದ ಓಲಾಟವನ್ನು ಸೂಚಿಸುವ ಯಂತ್ರವು ಅವನು ಕಲಿತ ರೀತಿಗೆ ವಿಪರೀತವಾಗಿ ತೋರುತ್ತಿದ್ದಿತೆಂದೂ ವಿಚಾರಣೆಯಲ್ಲಿ ತಿಳಿದುಬಂದಿತು. ಹಾಲಿಯ ಪತ್ನಿಗೆ ಈ ಆಘಾತದಿಂದ ಗರ್ಭಸ್ರಾವವಾಯಿತು.

ಆ ವಸಂತದಲ್ಲಿ ಹಿಮ ಕರಗಿದಾಗ ಹಾಲಿಯ ಕನ್ನಡಕವು ಹೊಲದಲ್ಲಿ ಸಿಕ್ಕಿತು. ಸರಕಾರಿ ಲಕೋಟೆಯೊಂದರಲ್ಲಿ ಮರೆತುಹೋಗಿ ಬಿದ್ದಿದ್ದು, 1980ರಲ್ಲಿ ಬೆಳಕಿಗೆ ಬಂದು, ಕೊನೆಗೆ ಆಕೆಯ ಕೈ ಸೇರಿತು.