ರಾಗಿಯ ತವರಿನ ತಟ್ಟೆ: ಎರಿಟ್ರಿಯಾದ ಮನೆಯಡುಗೆ

ನಮ್ಮ ಒಲೆಯ ಮೇಲೆ ಮೊದಲು ಎಣ್ಣೆ ಕಾಯಬೇಕು, ಸಾಸಿವೆ ಸಿಡಿಯಬೇಕು, ಕರಿಬೇವು ಬೀಳಬೇಕು. ಈರುಳ್ಳಿಯ ಸರದಿ ಆಮೇಲೆ. ಎರಿಟ್ರಿಯಾದ ಅಡುಗೆಮನೆಯಲ್ಲಿ ಈ ಕ್ರಮ ತಿರುಗುಮುರುಗು. ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಒಣ ಪಾತ್ರೆಗೇ ಸುರಿಯುತ್ತಾರೆ. ಅದು ಸಣ್ಣ ಉರಿಯಲ್ಲಿ ಬೆವರಿ, ತನ್ನ ನೀರಿನಲ್ಲೇ ಬಾಡಿ, ಮುದ್ದೆಯಾಗುವ ತನಕ ಕೈಯಾಡಿಸುತ್ತಾ ನಿಲ್ಲುತ್ತಾರೆ. ಹದಿನೈದು ನಿಮಿಷವಾದರೂ ಬೇಕು. ಎಣ್ಣೆ ಬೀಳುವುದು ಆಮೇಲೆಯೇ. ಕಾಯಿ ಅರೆದು ಹಾಕದ ಈ ಅಡುಗೆಯಲ್ಲಿ ಗೊಜ್ಜಿಗೆ ಮೈ ಕೊಡುವುದು ಹೀಗೆ ಕರಗಿದ ಈರುಳ್ಳಿ. ಈ ಒಂದು ತಾಳ್ಮೆ ಕೈಗೆ ಹತ್ತಿದರೆ ಆ ನಾಡಿನ ಅರ್ಧ ಅಡುಗೆ ಕಲಿತಂತೆ.

ಎರಿಟ್ರಿಯಾ ಇರುವುದು ಆಫ್ರಿಕಾದ ಕೊಂಬಿನಲ್ಲಿ, ಕೆಂಪು ಸಮುದ್ರದ ದಂಡೆಯಲ್ಲಿ. ಹೆಸರಿನಲ್ಲೇ ಆ ಸಮುದ್ರವಿದೆ; ಗ್ರೀಕರು ಅದನ್ನು ಎರಿತ್ರೈಯನ್, ಅಂದರೆ ಕೆಂಪು, ಎಂದು ಕರೆದರು. ಕರಾವಳಿಯ ಮಸ್ಸಾವಾ ಸುಡುವ ಬಂದರು. ರಾಜಧಾನಿ ಅಸ್ಮರಾ 2,300 ಮೀಟರಿಗೂ ಎತ್ತರದ ತಂಪು ಊರು. 1890ರಿಂದ 1941ರವರೆಗೆ ಇಟಲಿಯ ಆಳ್ವಿಕೆ, ಬಳಿಕ ಬ್ರಿಟಿಷರ ಆಡಳಿತ, ಆಮೇಲೆ ಇಥಿಯೋಪಿಯಾದ ಹಿಡಿತ. ಮೂವತ್ತು ವರ್ಷ ಹೋರಾಡಿ 1993ರಲ್ಲಿ ಸ್ವತಂತ್ರವಾಯಿತು. ಒಂಬತ್ತು ಜನಾಂಗಗಳಿರುವ ದೇಶದ ಅಡುಗೆ ಒಂದೇ ಬಗೆಯದಲ್ಲ. ಇಲ್ಲಿ ಹೇಳುತ್ತಿರುವುದು ಹೆಚ್ಚಾಗಿ ಎತ್ತರದ ನೆಲದ ಟಿಗ್ರಿನ್ಯಾ ಮನೆಗಳ ಊಟವನ್ನು.

ಹಳೆಯ ನಂಟು

ನಮ್ಮ ರಾಗಿ ಈ ಮಣ್ಣಿನದಲ್ಲ. ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ ಮನುಷ್ಯರ ಕೈಗೆ ಪಳಗಿದ ಕಾಳು ಅದು. ಸಾವಿರಾರು ವರ್ಷಗಳ ಹಿಂದೆ ಸಮುದ್ರ ದಾಟಿ ಬಂದು ನಮ್ಮದೇ ಆಯಿತು. ಎರಿಟ್ರಿಯಾದಲ್ಲಿ ಅದನ್ನು ‘ದಾಗುಷಾ’ ಅನ್ನುತ್ತಾರೆ. ಉತ್ತರ ಕರ್ನಾಟಕದ ರೊಟ್ಟಿಯ ಜೋಳದ ಕಥೆಯೂ ಇಂಥದ್ದೇ. ಎರಿಟ್ರಿಯಾದ ಗಡಿಗೆ ಹತ್ತಿರದ ಪೂರ್ವ ಸುಡಾನಿನ ಬಯಲಿನಲ್ಲಿ ಸುಮಾರು 5,000 ವರ್ಷಗಳ ಹಿಂದೆಯೇ ಜೋಳ ಬೆಳೆಯುತ್ತಿದ್ದ ಕುರುಹು ಸಿಕ್ಕಿದೆ. ಹಡಗುಗಳು ಇಲ್ಲಿಂದ ಅಲ್ಲಿಗೂ ಹೋದವು. ಮಸ್ಸಾವಾದ ದಕ್ಷಿಣಕ್ಕಿದ್ದ ಅದೂಲಿಸ್ ಬಂದರಿನ ಪೇಟೆಗೆ ಭಾರತದ ಕಬ್ಬಿಣ, ಉಕ್ಕು, ಹತ್ತಿ ಬಟ್ಟೆ ಬರುತ್ತಿತ್ತೆಂದು ಮೊದಲನೆಯ ಶತಮಾನದ ಗ್ರೀಕ್ ನಾವಿಕನ ಕೈಪಿಡಿ ಹೇಳುತ್ತದೆ. ಹಾಗಾಗಿ ಈ ಅಡುಗೆ ಮಾಡಲು ಹೊರಟಾಗ ದೂರದ ನೆಂಟರ ಮನೆಗೆ ಹೋದಂತೆ ನನಗೆ ಅನಿಸುತ್ತದೆ.

ಖಾರದ ಪುಡಿಯಿಂದ ಆರಂಭ

ಅಲ್ಲಿನ ಮಸಾಲೆಯ ಹೆಸರು ಬರ್ಬೆರೆ. ಕೆಂಪು ಮೆಣಸಿನಕಾಯಿಯೇ ಅದರ ಜೀವಾಳ. ಮನೆಮನೆಗೂ ಅಳತೆ ಬೇರೆ. ನಾನು 20 ಬ್ಯಾಡಗಿ ಮೆಣಸಿನಕಾಯಿಗೆ ಒಂದು ದೊಡ್ಡ ಚಮಚ ಕೊತ್ತಂಬರಿ ಬೀಜ, ಅರ್ಧ ಚಿಕ್ಕ ಚಮಚ ಮೆಂತ್ಯ, ಅಷ್ಟೇ ಓಮ, ಅಷ್ಟೇ ಕಾಳುಮೆಣಸು, ಆರು ಏಲಕ್ಕಿ, ಮೂರು ಲವಂಗ, ಒಂದು ತುಂಡು ಚಕ್ಕೆ ತೆಗೆದುಕೊಳ್ಳುತ್ತೇನೆ. ಬೇರೆ ಬೇರೆಯಾಗಿ ಬೆಚ್ಚಗೆ ಹುರಿದು, ಅರ್ಧ ಚಮಚ ಒಣಶುಂಠಿ ಪುಡಿ ಮತ್ತು ಉಪ್ಪು ಸೇರಿಸಿ ನುಣ್ಣಗೆ ಪುಡಿ ಮಾಡಿಟ್ಟರೆ ಸಾಕು. ಮೆಂತ್ಯ ಕಪ್ಪಾದರೆ ಇಡೀ ಪುಡಿ ಕಹಿಯಾಗುತ್ತದೆ, ಜೋಕೆ.

ಜೊತೆಗೆ ಬೇಕಾದದ್ದು ತೆಸ್ಮಿ. ಬೆಣ್ಣೆ ಕಾಯಿಸುವಾಗ ಬೆಳ್ಳುಳ್ಳಿ, ಮೆಂತ್ಯ, ಏಲಕ್ಕಿ, ಅರಿಶಿನ ಹಾಕಿ ಸೋಸಿದ ಘಮಘಮ ತುಪ್ಪ ಅದು.

ಉಪವಾಸದ ಊಟಗಳು

ಮಾಂಸದ ‘ಜಿಗ್ನಿ’, ಬೇಯಿಸಿದ ಮೊಟ್ಟೆ ಸೇರಿಸಿದ ಕೋಳಿಯ ‘ತ್ಸೆಬ್ಹಿ ದೆರ್ಹೊ’ ಅಲ್ಲಿನ ಹಬ್ಬದ ಅಡುಗೆಗಳು. ವಾರದ ಊಟ ಮಾತ್ರ ಬಹಳ ಮಟ್ಟಿಗೆ ಸಸ್ಯಾಹಾರ. ಆರ್ಥಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ಈಸ್ಟರ್‌ಗೆ ಮೊದಲಿನ 55 ದಿನ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಮುಟ್ಟುವುದಿಲ್ಲ. ‘ತ್ಸೋಮ್’ ಎಂಬ ಈ ವ್ರತ ಬೇಳೆಕಾಳು, ಸೊಪ್ಪು, ತರಕಾರಿಗಳ ಒಂದು ದೊಡ್ಡ ಅಡುಗೆಯನ್ನೇ ಬೆಳೆಸಿದೆ. ಮೊದಲ ಸಲ ಮಾಡುವವರು ಕೈ ಹಾಕಬೇಕಾದದ್ದು ಇವಕ್ಕೇ.

ಎಲ್ಲಕ್ಕಿಂತ ಸುಲಭ ಶಿರೋ. ಹುರಿದ ಕಡಲೆ ಅಥವಾ ಬೇರೆ ಕಾಳನ್ನು ಮಸಾಲೆಯೊಂದಿಗೆ ಬೀಸಿ ವರ್ಷಕ್ಕಾಗುವಷ್ಟು ಹಿಟ್ಟು ಮಾಡಿಟ್ಟುಕೊಳ್ಳುವ ಮನೆಗಳು ಅಲ್ಲಿವೆ. ನಮಗೆ ಅರ್ಧ ಬಟ್ಟಲು ಕಡಲೆಹಿಟ್ಟು ಸಾಕು. ಹಸಿ ವಾಸನೆ ಹೋಗುವಂತೆ ಸಣ್ಣ ಉರಿಯಲ್ಲಿ ಹುರಿದಿಡಿ. ಎರಡು ಈರುಳ್ಳಿಯನ್ನು ಮೊದಲೇ ಹೇಳಿದಂತೆ ಬಾಡಿಸಿ, ಮೂರು ದೊಡ್ಡ ಚಮಚ ಎಣ್ಣೆ, ನಾಲ್ಕು ಎಸಳು ಜಜ್ಜಿದ ಬೆಳ್ಳುಳ್ಳಿ, ಎರಡು ಚಿಕ್ಕ ಚಮಚ ಬರ್ಬೆರೆ ಹಾಕಿ. ತಳ ಹಿಡಿಯುವಂತಾದರೆ ನೀರು ಚಿಮುಕಿಸಿ. ಎರಡು ಟೊಮೆಟೊ ಕರಗಿದ ಮೇಲೆ ಎರಡೂವರೆ ಬಟ್ಟಲು ನೀರು ಕುದಿಸಿ, ಒಂದು ಕೈಯಲ್ಲಿ ಹಿಟ್ಟು ಉದುರಿಸುತ್ತಾ ಇನ್ನೊಂದು ಕೈಯಲ್ಲಿ ಗಂಟಾಗದಂತೆ ಕಲಸಿ. ಹದಿನೈದು ನಿಮಿಷ ಗುಳುಗುಳು ಕುದಿದು ಎಣ್ಣೆ ಮೇಲೆ ತೇಲಿದರೆ ಶಿರೋ ಆಯಿತು. ಮಣ್ಣಿನ ಪಾತ್ರೆಯಲ್ಲಿ ಕುದಿಯುತ್ತಿರುವಾಗಲೇ ತಂದಿಟ್ಟರೆ ಅದರ ರುಚಿ ಬೇರೆಯೇ.

ಟಿಮ್‌ಟಿಮೊ ಮಸೂರ ಬೇಳೆಯದು. ಬುನಾದಿ ಅದೇ: ಈರುಳ್ಳಿ, ಎಣ್ಣೆ, ಬೆಳ್ಳುಳ್ಳಿ, ಬರ್ಬೆರೆ, ಟೊಮೆಟೊ. ಅದಕ್ಕೆ ತೊಳೆದ ಒಂದು ಬಟ್ಟಲು ಬೇಳೆ, ಮೂರು ಬಟ್ಟಲು ಬಿಸಿನೀರು. ಕುಕ್ಕರ್ ಬೇಡ, ತೆರೆದ ಪಾತ್ರೆಯಲ್ಲಿ ಬೇಳೆ ತಾನಾಗಿ ಒಡೆದು ದಪ್ಪವಾಗಲಿ.

ಖಾರ ಒಲ್ಲದವರಿಗೆ ಅಲಿಚಾ. ಇದಕ್ಕೆ ಬರ್ಬೆರೆ ಬೀಳುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಅರಿಶಿನದಲ್ಲಿ ಆಲೂಗಡ್ಡೆ, ಕ್ಯಾರೆಟ್, ಕೊನೆಗೆ ಎಲೆಕೋಸು ಹಾಕಿ, ಮುಚ್ಚಿ, ಸ್ವಲ್ಪವೇ ನೀರಿನಲ್ಲಿ ಬೇಯಿಸುತ್ತಾರೆ. ಮೇಲೆ ಸೀಳಿದ ಹಸಿಮೆಣಸಿನಕಾಯಿ. ಬೆಳ್ಳುಳ್ಳಿಯಲ್ಲಿ ಬಾಡಿಸಿದ ಸೊಪ್ಪಿಗೆ ಹಮ್ಲಿ ಎಂದು ಹೆಸರು. ಕೆಂಪು, ಹಳದಿ, ಹಸಿರು ಮೂರೂ ತಟ್ಟೆಗೆ ಬಂದರೆ ಊಟ ಪೂರ್ತಿ.

ಕಣ್ಣುಳ್ಳ ತೈತಾ

ತಟ್ಟೆ ಎಂದೆ, ನಿಜವಾದ ತಟ್ಟೆ ತೈತಾ. ಹೊರಗಿನವರು ಇಂಜೆರಾ ಎಂದು ಕರೆಯುವುದು ಇದನ್ನೇ. ಟೆಫ್ ಎಂಬ ಬಲು ಸಣ್ಣ ಕಾಳಿನ ಹಿಟ್ಟನ್ನು ಎರಡು ಮೂರು ದಿನ ಹುಳಿ ಬರಿಸಿ, ‘ಮೊಗೊಗೊ’ ಎಂಬ ಮಣ್ಣಿನ ಒಲೆಯ ಅಗಲವಾದ ಹಂಚಿನ ಮೇಲೆ ಅಂಚಿನಿಂದ ನಡುವಿಗೆ ಸುತ್ತುತ್ತಾ ಹೊಯ್ಯುತ್ತಾರೆ. ಮುಚ್ಚಿ ಬೇಯಿಸುವುದು, ಮಗುಚಿ ಹಾಕುವುದಿಲ್ಲ. ಮೇಲ್ಮೈಯಲ್ಲಿ ನೂರಾರು ತೂತು ಏಳುತ್ತವೆ. ಅವಕ್ಕೆ ಕಣ್ಣು ಎನ್ನುತ್ತಾರೆ. ಕಣ್ಣು ಚೆನ್ನಾಗಿ ಬಿಟ್ಟರೆ ಹೊಯ್ದವರಿಗೆ ಹೊಗಳಿಕೆ.

ಟೆಫ್ ದುಬಾರಿಯಾದಾಗ ಅಲ್ಲಿಯವರು ಜೋಳ, ಬಾರ್ಲಿ, ಗೋಧಿ ಬೆರೆಸುತ್ತಾರೆ. ನಮಗೂ ಅದೇ ದಾರಿ. ರಾಗಿ, ಜೋಳ, ಗೋಧಿ ಹಿಟ್ಟು ಒಂದೊಂದು ಬಟ್ಟಲು ತೆಗೆದುಕೊಂಡು ದೋಸೆ ಹಿಟ್ಟಿಗಿಂತ ತೆಳ್ಳಗೆ ಕಲಸಿ ಎರಡು ದಿನ ಬಿಡಿ. ಮೇಲೆ ನಿಂತ ನೀರು ಬಸಿಯಿರಿ. ಒಂದು ಸೌಟು ಹಿಟ್ಟನ್ನು ಒಂದು ಬಟ್ಟಲು ನೀರಿನಲ್ಲಿ ಅಂಬಲಿಯಂತೆ ಕಾಯಿಸಿ, ಆರಿಸಿ, ಮತ್ತೆ ಉಳಿದ ಹಿಟ್ಟಿಗೇ ಸೇರಿಸಿ. ಒಂದೆರಡು ಗಂಟೆಯಲ್ಲಿ ಗುಳ್ಳೆ ಏಳುತ್ತದೆ. ಬಿಸಿ ಕಾವಲಿಯ ಮೇಲೆ ಹೊಯ್ದು, ಕಣ್ಣು ಬಿಟ್ಟೊಡನೆ ಮುಚ್ಚಳ ಮುಚ್ಚಿ. ಟೆಫ್‌ನಷ್ಟು ಮೆದುವಾಗದಿದ್ದರೂ ಹುಳಿ ಅದೇ ಹುಳಿ.

ಊಟಕ್ಕೆ ಒಂದು ಅಗಲ ತಟ್ಟೆಯ ತುಂಬ ತೈತಾ ಹಾಸಿ, ಅದರ ಮೇಲೆ ಶಿರೋ, ಟಿಮ್‌ಟಿಮೊ, ಅಲಿಚಾಗಳನ್ನು ಗುಪ್ಪೆ ಗುಪ್ಪೆಯಾಗಿ ಬಡಿಸುತ್ತಾರೆ. ಸುತ್ತ ಕುಳಿತವರೆಲ್ಲ ಬಲಗೈಯಲ್ಲಿ ತುಂಡು ಹರಿದು, ಅದರಲ್ಲೇ ಪಲ್ಯ ಹಿಡಿದು ತಿನ್ನಬೇಕು. ಕೊನೆಗೆ ರಸವೆಲ್ಲ ಹೀರಿದ ಕೆಳಗಿನ ತೈತಾ ಉಳಿಯುತ್ತದೆ. ಎಲ್ಲಕ್ಕಿಂತ ರುಚಿ ಅದು.

ಬೆಳಗಿಗೆ, ಬಾಣಂತಿಗೆ

ಅವಸರದ ಬೆಳಗಿಗೆ ಕಿಚಾ ಫಿತ್‌ಫಿತ್. ಹುಳಿ ಬರಿಸದ ಗೋಧಿ ಹಿಟ್ಟಿನ ದಪ್ಪ ರೊಟ್ಟಿಯನ್ನು ಬಿಸಿಯಿರುವಾಗಲೇ ಚೂರು ಮಾಡಿ, ತೆಸ್ಮಿ ಮತ್ತು ಬರ್ಬೆರೆ ಬೆರೆಸಿ, ಪಕ್ಕದಲ್ಲಿ ಗಟ್ಟಿ ಮೊಸರು ಇಟ್ಟರೆ ತಿಂಡಿ ಸಿದ್ಧ.

ಗಾಅತ್ ಕಂಡರೆ ಮುದ್ದೆ ಉಂಡವರ ಮನಸ್ಸು ಅರಳುತ್ತದೆ. ಕುದಿವ ನೀರಿಗೆ ಬಾರ್ಲಿ ಹಿಟ್ಟು ಹಾಕಿ ಕೋಲಿನಿಂದ ಬಲವಾಗಿ ತಿರುವಿ, ಗುಡ್ಡದಂತೆ ಇಟ್ಟು, ನಡುವೆ ಗುಳಿ ಮಾಡಿ ತೆಸ್ಮಿ, ಬರ್ಬೆರೆ ತುಂಬುತ್ತಾರೆ, ಸುತ್ತ ಮೊಸರು. ಹೆರಿಗೆಯಾದ ಮನೆಯಲ್ಲಿ ಬಾಣಂತಿಗೂ ನೋಡಲು ಬಂದ ಹೆಂಗಸರಿಗೂ ಇದೇ ಊಟ.

ಇಟಲಿಯವರು ಹೋದರೂ ಪಾಸ್ತಾ ಉಳಿಯಿತು. ಅಸ್ಮರಾದ ಮನೆಗಳಲ್ಲಿ ಸ್ಪಗೆಟ್ಟಿಯ ಟೊಮೆಟೊ ಗೊಜ್ಜಿಗೂ ಬರ್ಬೆರೆ ಬೀಳುತ್ತದೆ. ಬಂದದ್ದನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡ ಜನ.

ಮೂರು ಸುತ್ತು

ಊಟದ ಬಳಿಕ ‘ಬುನ್’, ಅಂದರೆ ಕಾಫಿ. ಹಸಿರು ಬೀಜವನ್ನು ಅತಿಥಿಗಳ ಎದುರೇ ಹುರಿದು, ಹೊಗೆಯನ್ನು ಅವರ ಮುಂದೆ ಹಿಡಿಯುತ್ತಾರೆ. ಎಲ್ಲರೂ ಅದರ ಪರಿಮಳ ಎಳೆದುಕೊಂಡ ಮೇಲೆ ಪುಡಿ ಮಾಡಿ, ಉದ್ದ ಕತ್ತಿನ ಮಣ್ಣಿನ ‘ಜೆಬೆನಾ’ದಲ್ಲಿ ಕುದಿಸುತ್ತಾರೆ. ಶುಂಠಿ ಸೇರಿಸುವುದುಂಟು. ಹಿಡಿಯಿಲ್ಲದ ಪುಟ್ಟ ‘ಫಿಂಜಾಲ್’ ಬಟ್ಟಲು, ಧೂಪದ ಹೊಗೆ, ತಿನ್ನಲು ಮೆಕ್ಕೆಜೋಳದ ಅರಳು ಅಥವಾ ಏಲಕ್ಕಿ ಹಾಕಿದ ‘ಹಿಂಬಾಷಾ’ ರೊಟ್ಟಿ. ಅದೇ ಪುಡಿಗೆ ಮತ್ತೆ ನೀರು ಹೊಯ್ದು ಮೂರು ಸಲ ಬಸಿಯುತ್ತಾರೆ: ಅವೆಲ್, ಕಲೆಅಯ್, ಬೆರೆಕಾ. ಮೂರನೆಯದರ ಅರ್ಥ ಆಶೀರ್ವಾದ. ಅದನ್ನು ಕುಡಿಯದೆ ಏಳುವುದು ಮರ್ಯಾದೆಯಲ್ಲ.

ಈ ಅಡುಗೆಗೆ ಬೇಕಾದ ಸಾಮಾನು ಬಹುಪಾಲು ನಮ್ಮ ಡಬ್ಬಿಗಳಲ್ಲೇ ಇದೆ. ಇಲ್ಲದ್ದು ಬಿಡುವು. ಈರುಳ್ಳಿ ಕರಗುವಷ್ಟು, ಹಿಟ್ಟು ಹುಳಿಯೇಳುವಷ್ಟು, ಮೂರನೆಯ ಬಟ್ಟಲು ಮುಗಿಯುವಷ್ಟು ಬಿಡುವು. ಒಂದು ಭಾನುವಾರ ಅದನ್ನು ಎತ್ತಿಟ್ಟು, ಮನೆಮಂದಿಯನ್ನೆಲ್ಲ ಒಂದೇ ತಟ್ಟೆಯ ಸುತ್ತ ಕೂರಿಸಿ.