ಗಿಡಮೂಲದ ಸಿಹಿಯೂ ಮನೆಯವರ ಆರೋಗ್ಯವೂ

ಬಿಸಿಲಿನಲ್ಲಿ ಬಳಲಿ ಬಂದವರ ಮುಂದೆ ಒಂದು ತುಂಡು ಬೆಲ್ಲವನ್ನೂ ಒಂದು ಚೆಂಬು ನೀರನ್ನೂ ಇಡುವುದು ನಮ್ಮ ಕರಾವಳಿಯ ಮನೆಗಳಲ್ಲಿ ತಲತಲಾಂತರದಿಂದ ನಡೆದುಬಂದ ಉಪಚಾರ. ಕುಂದಾಪುರ ತಾಲೂಕಿನ ಗುಲ್ವಾಡಿಯಂತಹ ಗ್ರಾಮಗಳ ಹಳೆಯ ಮನೆತನಗಳಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಆದರೆ ಈಗ ಆ ಬೆಲ್ಲದ ತಟ್ಟೆಯನ್ನು ಒಳಗಿನಿಂದ ತರುವ ಮೊದಲು, "ನಿಮಗೆ ಸಕ್ಕರೆ ಕಾಯಿಲೆ ಏನಾದರೂ ಉಂಟೋ?" ಎಂದು ಗೃಹಿಣಿಯು ಕೇಳಬೇಕಾದ ಕಾಲ ಬಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿ 10 ಲಕ್ಷ. ಆ ರೋಗದ ಹೊಸ್ತಿಲಲ್ಲಿ ನಿಂತವರು 13 ಕೋಟಿ 60 ಲಕ್ಷ. ಇಷ್ಟು ಜನರಿಗೆ ಸಕ್ಕರೆಯ ಭಯವೂ ಉಂಟು, ಸಿಹಿಯ ಆಸೆಯೂ ಉಂಟು. ಇವೆರಡರ ನಡುವೆ ವ್ಯಾಪಾರಿಯು ಹಸುರು ಎಲೆಯ ಚಿತ್ರವುಳ್ಳ ಒಂದು ಡಬ್ಬಿಯನ್ನು ಹಿಡಿದುಕೊಂಡು ಬಂದು, "ಇದು ಗಿಡದಿಂದ ತೆಗೆದದ್ದು, ಸ್ವಾಭಾವಿಕವಾದದ್ದು, ನಿಶ್ಚಿಂತೆಯಾಗಿ ತಿನ್ನಿರಿ" ಎಂದು ಹೇಳುತ್ತಿದ್ದಾನೆ. ಈ ಮಾತನ್ನು ನಂಬಿ ನಡೆಯುವವರು ಮುಖ್ಯವಾಗಿ ಮನೆಯ ಅಡಿಗೆಯನ್ನು ನೋಡಿಕೊಳ್ಳುವವರಾದುದರಿಂದ, ಅದರಲ್ಲಿ ಎಷ್ಟು ಸತ್ಯವುಂಟೆಂಬುದನ್ನು ವಿಚಾರಿಸುವುದು ಅವಶ್ಯವಾಗಿದೆ.

ಮೊದಲು ಆ ಮಾತಿನ ಅರ್ಥವನ್ನೇ ನೋಡೋಣ. ಕಬ್ಬು ಗಿಡವಲ್ಲದೆ ಮತ್ತೇನು? ಗಾಣದಲ್ಲಿ ಹಿಂಡಿ, ಕಾಯಿಸಿ, ಕೊಳೆ ತೆಗೆದು, ಹರಳುಗಟ್ಟಿಸಿದ ಬಿಳಿಯ ಸಕ್ಕರೆಯೂ ಗಿಡದಿಂದಲೇ ಬಂದುದು. ಬೀಟ್ ಗಡ್ಡೆಯಲ್ಲಿಯೂ ಕಬ್ಬಿನಲ್ಲಿರುವ ಸಕ್ಕರೆಯೇ ಇರುವುದೆಂದು ಜರ್ಮನಿಯ ಮಾರ್ಗ್ರಾಫ್ ಎಂಬ ರಸಾಯನಜ್ಞನು 1747ರಲ್ಲಿ ತೋರಿಸಿದನು; ಅದೂ ಗಿಡದ್ದೇ. ಹಾಗಾದರೆ "ಗಿಡದಿಂದ ಬಂದ ಬದಲು ಸಿಹಿ" ಎಂಬುದು ಸಕ್ಕರೆಗಿಂತ ಯಾವ ವಿಷಯದಲ್ಲಿ ಹೆಚ್ಚಾಯಿತು? 1879ರಲ್ಲಿ ಕಂಡುಹಿಡಿಯಲ್ಪಟ್ಟ ಸ್ಯಾಕರಿನ್ ಕಲ್ಲಿದ್ದಲಿನ ಡಾಮರಿನಿಂದ ಹುಟ್ಟಿದ್ದರಿಂದ ಜನರಿಗೆ ಅದರ ವಿಷಯದಲ್ಲಿ ಅಸಹ್ಯವಿತ್ತು. ಆ ಅಸಹ್ಯವೇ ಇಂದು ಎಲೆಯ ಚಿತ್ರಕ್ಕೆ ಬೆಲೆ ತಂದಿದೆಯೆಂದು ನಮಗೆ ತೋರುತ್ತದೆ.

ಗಿಡವೆಂದ ಮಾತ್ರಕ್ಕೆ ಹಿತವೆಂದು ನಮ್ಮ ಹಿರಿಯರು ಎಂದೂ ತಿಳಿದವರಲ್ಲ. ಕಾಸರಕನ ಮರವು ನಮ್ಮ ಗುಡ್ಡಗಳಲ್ಲಿ ತಾನಾಗಿ ಬೆಳೆಯುತ್ತದೆ. ಅದರ ಬೀಜವು ವಿಷವೆಂಬುದನ್ನು ದನ ಕಾಯುವ ಹುಡುಗನೂ ಬಲ್ಲನು. ಬೇಲಿಯಲ್ಲಿ ಹಬ್ಬುವ ಗುಲಗಂಜಿಯದು ಇನ್ನೂ ವಿಚಿತ್ರ. ಅದರ ಎಲೆಯಲ್ಲಿ ಸಕ್ಕರೆಗಿಂತ ಹಲವು ಪಟ್ಟು ಸಿಹಿಯಾದ ಸತ್ತ್ವವಿದೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಅದೇ ಬಳ್ಳಿಯ ಕೆಂಪು ಬೀಜವನ್ನು ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಒಂದೇ ಬಳ್ಳಿಯಲ್ಲಿ ಸಿಹಿಯೂ ವಿಷವೂ ಹೀಗೆ ಕೂಡಿ ಬಾಳುತ್ತವೆ. ಕೆಮ್ಮಿನ ಕಷಾಯಕ್ಕೆ ಹಾಕುವ ಜ್ಯೇಷ್ಠಮಧುವಿನ ಬೇರು ಕೂಡ ಸಿಹಿಯೇ. ನಾಲ್ಕು ದಿನ ಕಷಾಯ ಕುಡಿದರೆ ಚಿಂತೆಯಿಲ್ಲ. ಆದರೆ ವಾರಗಟ್ಟಲೆ ಹೆಚ್ಚಾಗಿ ಸೇವಿಸಿದರೆ ಅದರಲ್ಲಿರುವ ಗ್ಲಿಸಿರೈಜಿನ್ ಎಂಬ ಅಂಶವು ಶರೀರದಲ್ಲಿ ಉಪ್ಪನ್ನು ನಿಲ್ಲಿಸಿ, ಪೊಟ್ಯಾಸಿಯಮ್ಮನ್ನು ಹೊರಗೆ ಹಾಕಿ, ರಕ್ತದ ಒತ್ತಡವನ್ನು ಏರಿಸುತ್ತದೆ. ಒತ್ತಡದ ರೋಗಿಗಳು ಚಹಕ್ಕೆ ಸಕ್ಕರೆಯ ಬದಲು ಇದನ್ನು ಹಾಕಿಕೊಳ್ಳುವುದು ಸರ್ವಥಾ ಯೋಗ್ಯವಲ್ಲ.

ಇನ್ನು ನಮ್ಮ ಸೀಮೆಗೆ ಅತಿ ಹತ್ತಿರವಾದ ತೆಂಗಿನ ಸಕ್ಕರೆಯ ವಿಷಯ. 1916ರಲ್ಲಿ ತೆಂಗಿನ ಸಂಶೋಧನೆಗಾಗಿ ಕಾಸರಗೋಡಿನಲ್ಲಿ ಆರಂಭವಾದ ಕೇಂದ್ರವು ಇಂದು ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯಾಗಿ ಬೆಳೆದಿದೆ. ಅಲ್ಲಿಯವರು ತೆಂಗಿನ ಹೊಂಬಾಳೆಯಿಂದ ಇಳಿಯುವ ರಸವು ಹುಳಿಯದಂತೆ ಮಂಜುಗಡ್ಡೆಯಿಟ್ಟ ಪೆಟ್ಟಿಗೆಯಲ್ಲಿ ಹಿಡಿಯುವ ಕ್ರಮವನ್ನು ಕಂಡುಹಿಡಿದು, ಆ ರಸಕ್ಕೆ ಕಲ್ಪರಸವೆಂದು ಹೆಸರಿಟ್ಟರು. ಹಿಂದೆ ಮಡಕೆಗೆ ಸುಣ್ಣ ಬಳಿದು ಹಿಡಿಯುತ್ತಿದ್ದ ನೀರಾಕ್ಕಿಂತ ಇದು ತಿಳಿಯಾಗಿಯೂ ರುಚಿಯಾಗಿಯೂ ಇರುತ್ತದೆ. ಕುಂದಾಪುರದ ಕಡೆಯ ಜಪ್ತಿಯಲ್ಲಿ ತೆಂಗು ಬೆಳೆಗಾರರೇ ಕೂಡಿ ಕಟ್ಟಿದ ಕಂಪೆನಿಯೊಂದು ಈ ಕೆಲಸಕ್ಕೆ ಕೈಹಾಕಿತು. ಕಾಯಿಯ ಧಾರಣೆ ಬಿದ್ದಾಗ ಕಂಗೆಡುವ ತೋಟಗಾರನಿಗೆ ಮರದಿಂದ ಮತ್ತೊಂದು ಆದಾಯ ಬರುವುದಾದರೆ ಅದಕ್ಕಿಂತ ಸಂತೋಷದ ಸಂಗತಿ ಯಾವುದು? ಆ ಬಗ್ಗೆ ನಮಗೆ ಎರಡು ಮಾತಿಲ್ಲ.

ಆದರೆ ತೋಟಗಾರನಿಗೆ ಒಳ್ಳೆಯದಾದುದು ಮಧುಮೇಹಿಗೂ ಒಳ್ಳೆಯದೆಂದು ಹೇಳುವಂತಿಲ್ಲ. ತೆಂಗಿನ ರಸದ ನೂರು ಪಾಲಿನಲ್ಲಿ ಸುಮಾರು 15 ಪಾಲು ಸಕ್ಕರೆಯಿರುತ್ತದೆ. ಅದನ್ನು ಬೆಂಕಿಯ ಮೇಲಿಟ್ಟು ನೀರನ್ನು ಆರಿಸಿದಾಗ ಉಳಿಯುವ ಕಂದು ಬಣ್ಣದ ಪುಡಿಯಲ್ಲಿ ಶೇಕಡಾ 70ರಿಂದ 80ರಷ್ಟು ಸುಕ್ರೋಸ್, ಎಂದರೆ ಕಬ್ಬಿನ ಸಕ್ಕರೆಯಲ್ಲಿರುವ ಪದಾರ್ಥವೇ. ಅದು ಕರುಳಿನಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂದು ಎರಡಾಗಿ ಒಡೆಯುತ್ತದೆ. ತೆಂಗಿನ ಮರದಿಂದ ಬಂದೆನೋ ಕಬ್ಬಿನ ಗದ್ದೆಯಿಂದ ಬಂದೆನೋ ಎಂಬುದು ಆ ಗ್ಲೂಕೋಸಿಗೆ ತಿಳಿಯದು, ರಕ್ತಕ್ಕೂ ತಿಳಿಯದು.

ಇಲ್ಲಿ ಡಬ್ಬಿಯ ಮೇಲೆ ಕಾಣುವ ಒಂದು ಅಂಕೆಯನ್ನು ವಿವರಿಸಬೇಕು. ಒಂದು ಆಹಾರವನ್ನು ತಿಂದ ಮೇಲೆ ರಕ್ತದ ಸಕ್ಕರೆ ಎಷ್ಟು ಬೇಗ, ಎಷ್ಟು ಮೇಲೆ ಏರುವುದೆಂದು ಅಳೆದು, ಶುದ್ಧ ಗ್ಲೂಕೋಸಿಗೆ 100 ಎಂದಿಟ್ಟುಕೊಂಡು ಅದಕ್ಕೆ ಹೋಲಿಸಿ ಕೊಡುವ ಅಂಕೆಯೇ ಗ್ಲೈಸೀಮಿಕ್ ಸೂಚಿ. ತೆಂಗಿನ ಸಕ್ಕರೆಗೆ ಇದು 35 ಮಾತ್ರವೆಂದು ಫಿಲಿಪ್ಪೀನ್ಸಿನ ಆಹಾರ ಸಂಶೋಧನಾ ಸಂಸ್ಥೆಯವರು ಹೇಳಿದರು. ವ್ಯಾಪಾರಿಗಳು ಹಿಡಿದುಕೊಂಡಿರುವುದು ಇದನ್ನೇ. ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾನಿಲಯದವರು ಅಳೆದಾಗ ಅದೇ ಸಕ್ಕರೆಗೆ 54 ಬಂದಿತು. ಬಿಳಿಯ ಸಕ್ಕರೆಗೆ ಸಾಮಾನ್ಯವಾಗಿ ಹೇಳುವುದು 65ರ ಆಸುಪಾಸು. ಅಂತರವಿಲ್ಲವೆಂದಲ್ಲ, ಆದರೆ ಅಳತೆಯಿಂದ ಅಳತೆಗೆ ಇಷ್ಟು ಜಿಗಿಯುವ ಅಂಕೆಯನ್ನು ನಂಬಿ ಪಾಯಸಕ್ಕೆ ಎರಡು ಹಿಡಿ ಹೆಚ್ಚು ಸುರಿಯುವುದು ಜಾಣತನವಾಗದು. ಅದರಲ್ಲಿ ಖನಿಜಗಳುಂಟೆಂಬುದು ನಿಜ. ಚಹಕ್ಕೆ ಹಾಕುವ ಒಂದೆರಡು ಚಮಚದಲ್ಲಿ ಬರುವಷ್ಟು ಖನಿಜವು ಒಂದು ಬಾಳೆಹಣ್ಣಿನ ಮುಂದೆ ಲೆಕ್ಕಕ್ಕೆ ಬಾರದು. ನಮ್ಮ ಕಬ್ಬಿನ ಬೆಲ್ಲದ ಮಾತೂ ಇದೇ.

ಅನರ್ಥವಾಗುವುದು ಹೀಗೆ. ಹೊಸ್ತಿನ ದಿನ ಮನೆಯಲ್ಲಿ ಪಾಯಸವಾಗಿದೆಯೆಂದಿಟ್ಟುಕೊಳ್ಳಿ. "ಅತ್ತೆ, ಇದು ತೆಂಗಿನ ಸಕ್ಕರೆ, ನಿಮಗೆ ಏನೂ ಆಗುವುದಿಲ್ಲ, ಇನ್ನೊಂದು ಸೌಟು ಬಡಿಸುತ್ತೇನೆ" ಎಂದು ಸೊಸೆಯು ಪ್ರೀತಿಯಿಂದಲೇ ಹೇಳುತ್ತಾಳೆ. ಬಿಳಿಯ ಸಕ್ಕರೆಯ ಪಾಯಸವಾಗಿದ್ದರೆ ಅತ್ತೆಯು ಎರಡು ಚಮಚಕ್ಕೆ ಕೈ ಅಡ್ಡ ಹಿಡಿಯುತ್ತಿದ್ದರು. ಈಗ ಎರಡು ಸೌಟು ಉಂಡು, ಸಂಜೆ ಕಣ್ಣು ಮಂಜಾಗಿ, ಕಾಲು ಉರಿದು, ಕಾರಣ ತಿಳಿಯದೆ ಕುಳಿತುಕೊಳ್ಳುತ್ತಾರೆ. ಇಲ್ಲಿ ತೆಂಗಿನ ಸಕ್ಕರೆಗಿಂತ ಹೆಚ್ಚು ಕೆಡುಕು ಮಾಡಿದುದು ಅದರ ಮೇಲಿನ ಭರವಸೆ.

ಸಕ್ಕರೆಯೇ ಅಲ್ಲದ ಸಿಹಿಯ ವಿಷಯವು ಬೇರೆ. ಅದರಲ್ಲಿ ಮುಖ್ಯವಾದುದು ಸ್ಟೀವಿಯಾ. ನಮ್ಮಲ್ಲಿ ಕೆಲವರು ಇದನ್ನು ಸಿಹಿ ತುಳಸಿಯೆನ್ನುತ್ತಾರೆ. ತುಳಸಿಗೂ ಇದಕ್ಕೂ ನಂಟಿಲ್ಲ, ಇದು ಸೇವಂತಿಗೆಯ ಬಳಗದ ಗಿಡ. ದಕ್ಷಿಣ ಅಮೆರಿಕದ ಪರಾಗ್ವೇ ದೇಶದ ಗ್ವಾರಾನಿ ಜನರು ಇದರ ಎಲೆಯನ್ನು ತಮ್ಮ ಪಾನೀಯಕ್ಕೆ ಹಾಕಿ ಕುಡಿಯುತ್ತಿದ್ದರು. ಬರ್ಟೋನಿ ಎಂಬ ಸಸ್ಯಶಾಸ್ತ್ರಜ್ಞನು ಅದನ್ನು ಶಾಸ್ತ್ರೀಯವಾಗಿ ವರ್ಣಿಸಿದುದು 1899ರಲ್ಲಿ, ಎಂದರೆ ನಮ್ಮ ಗುಲ್ವಾಡಿ ವೆಂಕಟರಾಯರ "ಇಂದಿರಾಬಾಯಿ" ಅಚ್ಚಾದ ವರ್ಷದಲ್ಲಿಯೇ. 1931ರಲ್ಲಿ ಫ್ರಾನ್ಸಿನ ಇಬ್ಬರು ರಸಾಯನಜ್ಞರು ಎಲೆಯಿಂದ ಸಿಹಿಯ ಸತ್ತ್ವವನ್ನು ಬೇರ್ಪಡಿಸಿದರು. ಅದು ಸಕ್ಕರೆಗಿಂತ 200ರಿಂದ 300 ಪಟ್ಟು ಸಿಹಿ. ಹೊಟ್ಟೆಯಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗಿ, ಅಲ್ಲಿಯ ಸೂಕ್ಷ್ಮಜೀವಿಗಳಿಂದ ಸ್ಟೀವಿಯಾಲ್ ಆಗಿ ಒಡೆದು, ಕೊನೆಗೆ ಮೂತ್ರದಲ್ಲಿ ಹೊರಬೀಳುತ್ತದೆ. ಆದುದರಿಂದ ರಕ್ತದ ಸಕ್ಕರೆಯನ್ನು ಅದು ಏರಿಸುವುದಿಲ್ಲವೆಂಬುದು ನಿಜವಾದ ಮಾತು. ಮಧುಮೇಹಿಯ ಚಹಕ್ಕೆ ತೆಂಗಿನ ಸಕ್ಕರೆಗಿಂತ ಇದು ಎಷ್ಟೋ ಮೇಲು.

ಆದರೆ ಇದು ಸ್ವಾಭಾವಿಕವೇ? ಅಂಗಡಿಯಲ್ಲಿ ದೊರೆಯುವ ಬಿಳಿಯ ಪುಡಿ ಎಲೆಯ ಪುಡಿಯಲ್ಲ. ಎಲೆಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಸಿ, ರಾಳದ ಕಂಬಗಳ ಮೂಲಕ ಹಾಯಿಸಿ, ಮದ್ಯಸಾರದಿಂದ ತೊಳೆದು, ಹರಳುಗಟ್ಟಿಸಿ ಅದನ್ನು ಪಡೆಯುತ್ತಾರೆ. ಈಚೆಗೆ ಎಲೆಯ ಗೊಡವೆಯೇ ಇಲ್ಲದೆ, ಕಿಣ್ವಶಿಲೀಂಧ್ರಗಳಿಂದ ಅದೇ ಸತ್ತ್ವವನ್ನು ಹುದುಗಿಸಿ ಮಾಡುವ ಕಾರ್ಖಾನೆಗಳೂ ಹುಟ್ಟಿವೆ. ವಿನೋದವೇನೆಂದರೆ, ಅಮೆರಿಕದ ಆಹಾರ ಇಲಾಖೆಯು 2008ರಲ್ಲಿ ಶುದ್ಧೀಕರಿಸಿದ ಸತ್ತ್ವಕ್ಕೆ ಆಕ್ಷೇಪವಿಲ್ಲವೆಂದಿತು. ಇಡೀ ಎಲೆಯನ್ನು ಸಿಹಿಗಾಗಿ ಮಾರಲು ಮಾತ್ರ ಒಪ್ಪಲಿಲ್ಲ. ಎಲೆಯ ವಿಷಯದಲ್ಲಿ ಪರೀಕ್ಷೆಗಳು ಸಾಲವೆಂಬುದು ಕಾರಣ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2015ರಲ್ಲಿ ಅನುಮತಿಯಿತ್ತುದೂ ಆ ಸತ್ತ್ವಕ್ಕೇ. ಪ್ರಕೃತಿಗೆ ಹತ್ತಿರವಾದುದಕ್ಕೆ ಸಂಶಯ, ಕಾರ್ಖಾನೆಗೆ ಹತ್ತಿರವಾದುದಕ್ಕೆ ಸಮ್ಮತಿ! ದಿನಕ್ಕೆ ಶರೀರದ ತೂಕದ ಪ್ರತಿ ಕಿಲೋಗ್ರಾಮಿಗೆ 4 ಮಿಲಿಗ್ರಾಂ ಸ್ಟೀವಿಯಾಲಿನವರೆಗೆ ಅಪಾಯವಿಲ್ಲವೆಂದು ಅಂತರರಾಷ್ಟ್ರೀಯ ತಜ್ಞ ಸಮಿತಿಯು 2008ರಲ್ಲಿ ನಿರ್ಣಯಿಸಿತು. ಮಿತವಾಗಿ ಬಳಸುವ ಮನೆಯಲ್ಲಿ ಆ ಮಿತಿಯನ್ನು ದಾಟುವ ಸಂಭವ ಕಡಮೆ.

ಹೆಚ್ಚು ಎಚ್ಚರ ಬೇಕಾದುದು ಅದರೊಂದಿಗೆ ಬೆರೆಸುವ ಪದಾರ್ಥಗಳಲ್ಲಿ. ಮುನ್ನೂರು ಪಟ್ಟು ಸಿಹಿಯಾದುದನ್ನು ಚಮಚದಿಂದ ಅಳೆಯಲಾಗದಷ್ಟೆ. ಆದುದರಿಂದ ಪುಡಿಗೆ ಗಾತ್ರ ಬರಲೆಂದು ಬೇರೆ ಏನನ್ನಾದರೂ ಸೇರಿಸುತ್ತಾರೆ. ಅದು ಡೆಕ್ಸ್‌ಟ್ರೋಸ್ ಅಥವಾ ಮಾಲ್ಟೋಡೆಕ್ಸ್‌ಟ್ರಿನ್ ಆಗಿದ್ದರೆ, ಹಿಂಬಾಗಿಲಿನಿಂದ ಗ್ಲೂಕೋಸೇ ಒಳಗೆ ಬಂದಂತಾಯಿತು. ಕೆಲವು ಡಬ್ಬಿಗಳಲ್ಲಿ ಎರಿಥ್ರಿಟಾಲ್ ಮುಕ್ಕಾಲು ಮೂರು ವೀಸವಾಗಿರುವುದೂ ಉಂಟು. ಜೋಳದ ಗ್ಲೂಕೋಸನ್ನು ಹುದುಗಿಸಿ ಮಾಡುವ ಈ ಪದಾರ್ಥವು ರಕ್ತದ ಸಕ್ಕರೆಯನ್ನು ಏರಿಸದು. ಆದರೆ ರಕ್ತದಲ್ಲಿ ಇದು ಹೆಚ್ಚಾಗಿದ್ದವರಿಗೆ ಹೃದಯಾಘಾತ ಮತ್ತು ಪಾರ್ಶ್ವವಾಯುಗಳು ಹೆಚ್ಚಾಗಿ ಕಂಡುಬಂದುವೆಂದು ಅಮೆರಿಕದ ಕ್ಲೀವ್‌ಲ್ಯಾಂಡಿನ ವೈದ್ಯರು 2023ರಲ್ಲಿ ವರದಿಮಾಡಿದರು. ನಮ್ಮ ಶರೀರವೇ ಇದನ್ನು ಅಲ್ಪವಾಗಿ ಉತ್ಪಾದಿಸುವುದರಿಂದ, ಇದು ರೋಗದ ಕಾರಣವೋ ಲಕ್ಷಣವೋ ಎಂಬ ಚರ್ಚೆ ಮುಗಿದಿಲ್ಲ. ಹೃದ್ರೋಗವುಳ್ಳವರು ಅಲ್ಲಿಯವರೆಗೆ ಕಾದಿರುವುದು ಲೇಸು. ಕ್ಸೈಲಿಟಾಲ್ ಎಂಬ ಇನ್ನೊಂದು ಮರಮೂಲದ ಸಿಹಿಯುಂಟು. ಮನುಷ್ಯರಿಗೆ ಅದು ಹೆಚ್ಚಾದರೆ ಹೊಟ್ಟೆ ಕೆಡುವುದಷ್ಟೆ, ಮನೆಯ ನಾಯಿ ತಿಂದರೆ ಬದುಕುವುದೇ ಕಷ್ಟ. ಇವೆಲ್ಲವನ್ನೂ ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚು ಹಾಕಿರುತ್ತಾರೆ. ಎಲೆಯ ಚಿತ್ರವಿರುವುದು ಮುಂಬದಿಯಲ್ಲಿ.

ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ ತಿಂಗಳಲ್ಲಿ, ತೂಕ ಇಳಿಸುವುದಕ್ಕಾಗಿ ಸಕ್ಕರೆಯಲ್ಲದ ಸಿಹಿಗಳನ್ನು ಬಳಸಬಾರದೆಂದು ಸಲಹೆಯಿತ್ತಿತು. ಸ್ಟೀವಿಯಾವೂ ಆ ಪಟ್ಟಿಯಲ್ಲಿ ಸೇರಿದೆ. ದೀರ್ಘಕಾಲದಲ್ಲಿ ಅವುಗಳಿಂದ ಮೈ ಕರಗಿದ ಸಾಕ್ಷ್ಯ ದೊರೆಯಲಿಲ್ಲವೆಂಬುದು ಅದರ ಅಭಿಪ್ರಾಯ. ಈಗಾಗಲೆ ಮಧುಮೇಹ ಬಂದವರಿಗೆ ಈ ಸಲಹೆ ಅನ್ವಯಿಸುವುದಿಲ್ಲವೆಂಬುದನ್ನು ನೆನಪಿಡಬೇಕು. ಆರೋಗ್ಯವಂತರಾದ ಮಕ್ಕಳಿಗೆ ಹಾಲಿನಲ್ಲಿ ಈ ಪುಡಿಯನ್ನು ಕದಡಿ ಕೊಡುವ ತಾಯಂದಿರಿಗೆ ಮಾತ್ರ ನಾವು ಸ್ಪಷ್ಟವಾಗಿ ಬೇಡವೆನ್ನುತ್ತೇವೆ. ಮಗುವಿನ ನಾಲಿಗೆಗೆ ಕಡಮೆ ಸಿಹಿಯ ರೂಢಿ ಮಾಡಿಸುವುದು ಸಾಧ್ಯವಿರುವಾಗ, ಮುನ್ನೂರು ಪಟ್ಟು ಸಿಹಿಯನ್ನು ಕಲಿಸುವುದೇಕೆ?

ಅಡಿಗೆಮನೆಯ ಮಾತೊಂದುಂಟು. ಹಾಲುಬಾಯಿಗೆ ಬೆಲ್ಲ ಹಾಕುವುದು ಸಿಹಿಗಾಗಿ ಮಾತ್ರವಲ್ಲ. ಪಾಕವು ಗಟ್ಟಿಯಾಗಿ ತಟ್ಟೆಯಲ್ಲಿ ತುಂಡಾಗಬೇಕಾದರೆ ಬೆಲ್ಲದ ಮೈ ಬೇಕು. ಸ್ಟೀವಿಯಾ ಹಾಕಿದ ಹಾಲುಬಾಯಿಯಲ್ಲಿ ಬೆಲ್ಲದ ಬಣ್ಣವೂ ಇಲ್ಲ, ಪರಿಮಳವೂ ಇಲ್ಲ. ಹಿಂದಿನಿಂದ ನಾಲಿಗೆಗೆ ಒಂದು ಕಹಿ ತಗಲುವುದೂ ಉಂಟು. ಅದಕ್ಕಿಂತ ಮುಖ್ಯವಾದುದು ಇನ್ನೊಂದು: ಹಾಲುಬಾಯಿಯೂ ಕಡುಬೂ ಅಕ್ಕಿಯವು. ಬೆಲ್ಲವನ್ನು ತೆಗೆದರೂ ಅಕ್ಕಿ ಉಳಿದೇ ಇರುತ್ತದೆ, ಅಕ್ಕಿಯೂ ರಕ್ತದಲ್ಲಿ ಗ್ಲೂಕೋಸೇ ಆಗುತ್ತದೆ. "ಸಕ್ಕರೆಯಿಲ್ಲದ ಕಡುಬು" ಎಂದು ನಾಲ್ಕು ತಿನ್ನುವುದಕ್ಕಿಂತ, ಬೆಲ್ಲ ಹಾಕಿದ ಒಂದೇ ಕಡುಬನ್ನು ಅರ್ಧ ಮಾಡಿ, ಆ ಹೊತ್ತಿನ ಅನ್ನವನ್ನು ಅಷ್ಟಕ್ಕಷ್ಟು ತಗ್ಗಿಸಿ ತಿನ್ನುವವನೇ ಹೆಚ್ಚು ಲೆಕ್ಕ ಬಲ್ಲವನು. ಎಷ್ಟು ತಗ್ಗಿಸಬೇಕೆಂಬುದನ್ನು ಅವರವರ ವೈದ್ಯರು ಹೇಳಬೇಕು.

ಕೊನೆಯದಾಗಿ, ಸಕ್ಕರೆಯನ್ನು ಮನೆಯಿಂದಲೇ ಹೊರಗೆ ಹಾಕಿದೆವೆಂದು ಹೆಮ್ಮೆಪಡುವವರಿಗೆ ಒಂದು ಸೂಚನೆ. ಇನ್ಸುಲಿನ್ ಚುಚ್ಚಿಸಿಕೊಳ್ಳುವವರಿಗೂ ಕೆಲವು ಬಗೆಯ ಮಾತ್ರೆ ನುಂಗುವವರಿಗೂ, ಊಟ ತಡವಾದಾಗ ರಕ್ತದ ಸಕ್ಕರೆ 70 ಮಿಲಿಗ್ರಾಮಿಗಿಂತ ಕೆಳಗೆ ಇಳಿಯಬಹುದು. ಆಗ ಮೈ ಬೆವರುತ್ತದೆ, ಕೈ ನಡುಗುತ್ತದೆ, ಹಸಿವೆಯಾಗುತ್ತದೆ, ಮಾತು ತಡವರಿಸುತ್ತದೆ. ಆ ಹೊತ್ತಿನಲ್ಲಿ ಸ್ಟೀವಿಯಾದ ಶರಬತ್ತು ಕೊಟ್ಟರೆ ನಾಲಿಗೆ ಸಿಹಿಯಾಗುವುದೇ ಹೊರತು ರೋಗಿಗೆ ಏನೂ ಸಿಕ್ಕುವುದಿಲ್ಲ. ಎಚ್ಚರವಿದ್ದವರಿಗೆ ಮೂರು ನಾಲ್ಕು ಸಣ್ಣ ಚಮಚ ನಿಜವಾದ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಕಾದು ಮತ್ತೆ ರಕ್ತವನ್ನು ನೋಡಬೇಕು. ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಸಾಗಿಸತಕ್ಕದ್ದು. ಇದಕ್ಕಾಗಿ ಮಧುಮೇಹಿಯಿರುವ ಮನೆಯಲ್ಲಿಯೂ ಒಂದು ಚಿಕ್ಕ ಕರಡಿಗೆಯಲ್ಲಿ ಸಕ್ಕರೆಯನ್ನು ತುಂಬಿ, ಮೇಲೆ ಹೆಸರು ಬರೆದು, ಮಕ್ಕಳಿಗೂ ತಿಳಿದಿರುವ ಜಾಗದಲ್ಲಿ ಇಟ್ಟಿರಬೇಕು.