ಅಳಿಸಿಹೋದ ಗೋಲುಗಳು

1961ರ ಜನವರಿ 28. ಇಂಗ್ಲೆಂಡಿನ ಲ್ಯೂಟನ್ ಪಟ್ಟಣದ ಕೆನಿಲ್‌ವರ್ತ್ ರೋಡ್ ಮೈದಾನ ಮಳೆಗೆ ಕೆಸರೆದ್ದಿತ್ತು. ಎಫ್‌ಎ ಕಪ್ ಪಂದ್ಯದಲ್ಲಿ ಲ್ಯೂಟನ್ ತಂಡಕ್ಕೆ 2-0 ಮುನ್ನಡೆ. ಆಮೇಲೆ ನಡೆದದ್ದು ಮ್ಯಾಂಚೆಸ್ಟರ್ ಸಿಟಿಯ ಡೆನಿಸ್ ಲಾ ಅವರ ಆಟ. ಒಬ್ಬರೇ ಆರು ಗೋಲು ಹೊಡೆದರು. 69ನೇ ನಿಮಿಷದಲ್ಲಿ ರೆಫರಿ, ಈ ಅಂಗಳದಲ್ಲಿ ಇನ್ನು ಆಡಲಾಗದು ಎಂದು ಪಂದ್ಯ ನಿಲ್ಲಿಸಿದರು. ಆರೂ ಗೋಲು ದಾಖಲೆಯಿಂದ ಅಳಿಸಿಹೋದವು. ನಾಲ್ಕು ದಿನ ಬಿಟ್ಟು ಮೊದಲಿನಿಂದ ಆಡಿದಾಗ ಲ್ಯೂಟನ್ 3-1ರಿಂದ ಗೆದ್ದಿತು. ಸಿಟಿಯ ಆ ಒಂದು ಗೋಲೂ ಲಾ ಅವರದೇ. ಏಳು ಸಲ ಬಲೆ ಮುಟ್ಟಿಸಿದ ಆಟಗಾರ ಟೂರ್ನಿಯಿಂದ ಹೊರಬಿದ್ದರು.

ಹೊನಲು ಬೆಳಕು ಬರುವ ಮುಂಚೆ ಕತ್ತಲೆಯೂ ಪಂದ್ಯ ನಿಲ್ಲಿಸುತ್ತಿತ್ತು. ಮಂಜು, ಹಿಮ, ಕೆಸರು ಸರಿಯೇ ಸರಿ. ಅರ್ಧಕ್ಕೆ ನಿಂತದ್ದನ್ನು ಮತ್ತೆ ಆಡಬೇಕು, ಟೂರ್ನಿಯ ನಿಯಮ ಬೇರೆ ಹೇಳಿದರೆ ಅದರಂತೆ ನಡೆಯಬೇಕು ಎಂಬುದು ಫುಟ್‌ಬಾಲ್ ಕಾನೂನು. ಸ್ಪೇನ್ ಬೇರೆ ದಾರಿ ಹಿಡಿಯಿತು. 2004ರ ಡಿಸೆಂಬರ್‌ನಲ್ಲಿ ಬಾಂಬ್ ಬೆದರಿಕೆಯಿಂದ ಮ್ಯಾಡ್ರಿಡ್‌ನ ಬರ್ನಬ್ಯೂ ಕ್ರೀಡಾಂಗಣ ತೆರವಾದಾಗ ರಿಯಲ್ ಮ್ಯಾಡ್ರಿಡ್–ರಿಯಲ್ ಸೊಸಿಯೆದಾದ್ 1-1ರ ಸಮ. ಉಳಿದ ಕೆಲವೇ ನಿಮಿಷಗಳನ್ನು ಜನವರಿಯಲ್ಲಿ ಆಡಿಸಿದರು. ಜಿದಾನ್ ಪೆನಾಲ್ಟಿಯಿಂದ ಮ್ಯಾಡ್ರಿಡ್ ಗೆದ್ದಿತು. ನನಗೆ ಇದೇ ನ್ಯಾಯವೆನಿಸುತ್ತದೆ. ಬೆವರು ಸುರಿಸಿ ಆಡಿದ ನಿಮಿಷಗಳನ್ನು ಆಡಲೇ ಇಲ್ಲವೆನ್ನುವುದು ಕ್ರೂರ.

ಆ ಕ್ರೌರ್ಯ ಲ್ಯೂಟನ್‌ಗೂ ಬಂತು. 2023ರ ಡಿಸೆಂಬರ್ 16ರಂದು ಬೋರ್ನ್‌ಮತ್‌ನಲ್ಲಿ 1-1 ಆಗಿದ್ದಾಗ ಲ್ಯೂಟನ್ ನಾಯಕ ಟಾಮ್ ಲಾಕ್ಯರ್ ಹೃದಯ ಸ್ತಂಭನವಾಗಿ ಕುಸಿದರು. ವೈದ್ಯರು ಜೀವ ಉಳಿಸಿದರು. ಕೋಚ್ ರಾಬ್ ಎಡ್ವರ್ಡ್ಸ್ ಕಣ್ಣೀರಿಡುತ್ತಲೇ ಅಭಿಮಾನಿಗಳಿಗೆ ಕೃತಜ್ಞತೆ ಹೇಳಿದರು. ಆ ಸಂಜೆ ಆಟ ಮುಂದುವರಿಸುವ ಮನಸ್ಸು ಯಾರಿಗೂ ಇರಲಿಲ್ಲ, ಇರಬಾರದು ಕೂಡ. ಮಾರ್ಚ್ 13ರಂದು 0-0ಯಿಂದ ಮತ್ತೆ ಶುರು. ವಿರಾಮಕ್ಕೆ 3-0 ಮುಂದಿದ್ದ ಲ್ಯೂಟನ್ 4-3ರಿಂದ ಸೋತಿತು. ಆ ಋತುವಿನಲ್ಲೇ ಪ್ರೀಮಿಯರ್ ಲೀಗ್‌ನಿಂದ ಹಿಂಬಡ್ತಿಯೂ ಆಯಿತು.

ಬೆಂಗಳೂರಿನ ಕಂಠೀರವದಲ್ಲಿ ಆಟ ಕೆಟ್ಟದ್ದು ಮನುಷ್ಯರಿಂದಲೇ. 2023ರ ಮಾರ್ಚ್ 3, ಐಎಸ್‌ಎಲ್ ನಾಕೌಟ್, ಹೆಚ್ಚುವರಿ ಸಮಯ. ಕೇರಳ ಬ್ಲಾಸ್ಟರ್ಸ್ ಆಟಗಾರರು ಇನ್ನೂ ಗೋಡೆ ಕಟ್ಟುತ್ತಿರುವಾಗಲೇ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದು ಚೆಂಡನ್ನು ಬಲೆಗೆ ಸೇರಿಸಿದರು. ರೆಫರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನೇ ಹೊರಗೆ ಕರೆದರು. ಕಾದು ಕಾದು ಕೊನೆಗೆ ಬೆಂಗಳೂರು ಎಫ್‌ಸಿಗೆ 1-0 ಗೆಲುವು ಘೋಷಿಸಿದರು. ಬ್ಲಾಸ್ಟರ್ಸ್‌ಗೆ ನಾಲ್ಕು ಕೋಟಿ ರೂಪಾಯಿ ದಂಡ, ಕೋಚ್‌ಗೆ ಹತ್ತು ಪಂದ್ಯಗಳ ನಿಷೇಧ. ಕೊಚ್ಚಿಯಲ್ಲಿ ಮಾತ್ರ ಅವರಿಗೆ ವೀರನ ಸ್ವಾಗತ ಸಿಕ್ಕಿತು.

ಗೋಲು ನಿಯಮಬದ್ಧವೇ ಎಂಬ ಜಗಳ ಎರಡೂ ಊರುಗಳಲ್ಲಿ ಬಹಳ ದಿನ ನಡೆಯಿತು. ನನ್ನ ದುಃಖ ಬೇರೆ. ಗೋಲು ಬಿದ್ದ ಮೇಲೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಆಟ ಬಾಕಿಯಿತ್ತು, ಬ್ಲಾಸ್ಟರ್ಸ್‌ಗೆ ಬೇಕಿದ್ದದ್ದು ಒಂದೇ ಗೋಲು. ಟಿಕೆಟ್ ಕೊಂಡು ಬಂದಿದ್ದ ಎರಡೂ ಕಡೆಯ ಅಭಿಮಾನಿಗಳಿಗೆ ಆ ಇಪ್ಪತ್ತು ನಿಮಿಷವನ್ನು ಯಾವ ದಂಡದ ಮೊತ್ತವೂ ಮರಳಿ ಕೊಡಲಿಲ್ಲ.